ಬೆಂಕಿ ಹೊತ್ತ ಬರ್ಫ ಮತ್ತು ಮಲ್ಲಪ್ಪ ಕಾಕಾ

ತತ್ತಿ ಒಡೆದ ಮೇಲೆ ಅರ್ಧ ಚಿಪ್ಪನ್ನು ನಾನು ಒಗೆಯುವುದಿಲ್ಲ. ತೊಳೆದು ಕಿಡಕಿಯಲ್ಲಿ ಬೋರಲು ಹಾಕಿ ಒಣಗಿಸುತ್ತೇನೆ. ಕೈಗೆ ಬಿದ್ದ ರೂಢಿ. ಒಂದು ವಾರಕ್ಕೆ ಎಂಟೊ ಹತ್ತೊ ಚಿಪ್ಪು ಸಾಲಾಗಿ ಕೂತಿರುತ್ತವೆ. ನನ್ನ ಹೆಂಡತಿ ಅವುಗಳ ಕಡೆ ನೋಡುತ್ತಾಳೆ, ಆಮೇಲೆ ನನ್ನ ಕಡೆ ನೋಡುತ್ತಾಳೆ.

“ಏನ್ರೀ ಇವು? ಕೋಳಿಗೆ ತಿರಗಿ ಕೊಡಾವ್ರೇನು?”

ನಾನು ಇನ್ನೊಂದು ಚಿಪ್ಪು ಬೋರಲು ಹಾಕುತ್ತೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಎಲ್ಲದಕ್ಕೂ ಉತ್ತರ ಇರಬೇಕೆಂದು ಯಾರೂ ಕೇಳಬಾರದು. ಆದರೆ ನೀವು ಇಷ್ಟು ದೂರ ಓದುತ್ತ ಬಂದಿದ್ದೀರಿ, ನಿಮ್ಮ ಮುಂದೆ ಹೇಳುತ್ತೇನೆ. ಒಂದು ಕಾಲಕ್ಕೆ ಈ ಅರ್ಧ ಚಿಪ್ಪು ನನಗೆ ಹಣತೆಯಾಗಿತ್ತು. ಅದನ್ನು ಹೊತ್ತಿಸಿದರೆ ಮುಂಬಯಿಯ ದೊಡ್ಡ ದೊಡ್ಡ ಮಂದಿ ಮಾತು ನಿಲ್ಲಿಸಿ ಸುಮ್ಮನೆ ಕೂಡುತ್ತಿದ್ದರು.

ನಮ್ಮದು ಸಿಂದಗಿ ತಾಲೂಕಿನ ಕನ್ನೊಳ್ಳಿ. ಪಿಂಜಾರರ ಮನೆತನ. ಅಪ್ಪ ಹುಸೇನಸಾಬ ಸುಗ್ಗಿ ಮುಗಿದ ಮೇಲೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಮನೆ ಬಿಟ್ಟರೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಗಾದಿ ಹೊಲಿಯುತ್ತ ತಿರುಗಿ, ಮೊದಲ ಮಳೆಗೆ ಮನೆ ಸೇರುತ್ತಿದ್ದ. ಒಂದೊಂದು ತಾಲೂಕಿನ ಮಂದಿಯದು ಒಂದೊಂದು ಪರೀಕ್ಷೆ. ಇಂಡಿಯವರು ಹೊಸ ಗಾದಿಯ ಮೇಲೆ ಕೂತು ನೋಡುತ್ತಾರೆ. ಮುದ್ದೇಬಿಹಾಳದವರು ಒದ್ದು ನೋಡುತ್ತಾರೆ. ಬಾಗೇವಾಡಿಯವರು ಗಾದಿಯನ್ನು ನೋಡುವುದೇ ಇಲ್ಲ. ಚಹಾ ಕುಡಿಸಿ, ನಿನಗೆಷ್ಟು ಮಕ್ಕಳು, ಯಾರ ಮನೆಯ ಹೆಣ್ಣು ತಂದಿ ಎಂದು ವಿಚಾರಿಸಿ, ಮನುಷ್ಯ ಒಳ್ಳೆಯವನಿದ್ದರೆ ಗಾದಿಯೂ ಒಳ್ಳೆಯದಿರಬೇಕು ಎಂದು ಮಲಗಿಬಿಡುತ್ತಾರೆ. ಸಿಂದಗಿಯವರ ಬಗ್ಗೆ ನಾನು ಹೇಳಬಾರದು. ನಮ್ಮವರು.

ಸಾಲಿ ಬಿಟ್ಟು ನಾನು ಅಪ್ಪನ ಹಿಂದೆ ಹೊರಟಾಗ ನಮ್ಮ ಮಾಸ್ತರರು ಮೂರು ದಿನ ಮನೆಗೆ ಬಂದು ಹೋದರು. ಅಪ್ಪ ಮೂರು ದಿನವೂ ಅವರಿಗೆ ಚಹಾ ಕೊಟ್ಟ, ಹುಡುಗನನ್ನು ಕೊಡಲಿಲ್ಲ. ನನಗೆ ಅದರ ದುಃಖವಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ಹಿಂಜಿದ ಹತ್ತಿಯ ರಾಶಿಯ ಮೇಲೆ ಬಿದ್ದು ಮಲಗಿದವನಿಗೆ ಸಾಲಿಯ ಮಣೆ ನೆನಪಾಗುವುದು ಕಷ್ಟ. ಬಿಲ್ಲಿನ ನರವನ್ನು ಮೀಟಿದರೆ ಗಂಟುಗಂಟಾದ ಹತ್ತಿ ಬಿಚ್ಚಿಕೊಂಡು, ಉಸಿರು ಎಳೆದುಕೊಂಡು, ಇಷ್ಟಿದ್ದದ್ದು ಅಷ್ಟಾಗಿ ಏಳುತ್ತದೆ. ಸಂಜೆಗೆ ಅಪ್ಪನ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ನನ್ನದೂ ಅಷ್ಟೆ. ಹನ್ನೊಂದು ವರ್ಷಕ್ಕೇ ನಾನು ಮುದುಕನಾಗಿ ಒಮ್ಮೆ ನೋಡಿದವನು. ಅದಕ್ಕೇ ಈಗಿನ ಮುದಿತನ ನನಗೆ ಹೊಸದಲ್ಲ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಜಿಲ್ಲೆ ಮುಂಬಯಿಯನ್ನು ಬಿಟ್ಟರೂ ನಾವು ಬಿಟ್ಟಿರಲಿಲ್ಲ. ಇಂಡಿ ರೋಡ ಸ್ಟೇಶನ್ನಿನಲ್ಲಿ ಸಣ್ಣ ರೈಲು, ಸೊಲ್ಲಾಪುರದಲ್ಲಿ ದೊಡ್ಡ ರೈಲು, ಇಳಿದರೆ ಮುಂಬಯಿ. ಮೀಸೆ ಮೂಡುವ ವಯಸ್ಸಿಗೆ ನಾನು ಬಿಲ್ಲನ್ನು ಹೊತ್ತುಕೊಂಡೇ ಇಳಿದೆ. ಕೋಟೆ ಭಾಗದ ಬೀದಿಗಳಲ್ಲಿ ನರ ಮೀಟುತ್ತ, “ಗಾದೀ ಹೊಲಿಯೋದು” ಎಂದು ಹಿಂದಿಯಲ್ಲಿ ಕೂಗುತ್ತ ತಿರುಗಿದೆ. ಒಂದು ದಿನ ಕರಿಯ ಟೊಪ್ಪಿಗೆಯ ಪಾರಸಿ ಮುದುಕನೊಬ್ಬ ಮೆಟ್ಟಿಲ ಮೇಲಿಂದ ಕರೆದ. ಅವನದು ದೊಡ್ಡ ಹೊಟೇಲು, ಹೆಸರು ಬೇಡ. ಮಂದಿ ಅವನನ್ನು ಬಾವಾಜಿ ಎನ್ನುತ್ತಿದ್ದರು. ಅವನ ಅರವತ್ತು ಕುರ್ಚಿಗಳ ಗಾದಿಗಳು ಸತ್ತುಹೋಗಿದ್ದವು.

ಹಿತ್ತಲಲ್ಲಿ ಕೂತು ನಾನು ಹಿಂಜತೊಡಗಿದೆ. ಪಕ್ಕದಲ್ಲೇ ಅಡುಗೆಮನೆಯ ಬಾಗಿಲು. ಅಲ್ಲಿ ಗೋವಾದ ಅಡುಗೆಯವನು ಪೆದ್ರು ತಾಮ್ರದ ಬೋಗುಣಿಯಲ್ಲಿ ತತ್ತಿಯ ಬಿಳಿಯನ್ನು ಬಡಿಯುತ್ತ, ದೇವರನ್ನೂ ಕೋಳಿಯನ್ನೂ ಸಮನಾಗಿ ಬೈಯುತ್ತಿದ್ದ. ಅವನ ರಟ್ಟೆ ಸೋತಿತ್ತು. ನನ್ನ ಮಣಿಕಟ್ಟು ಆಡುವುದನ್ನು ಸ್ವಲ್ಪ ಹೊತ್ತು ನೋಡಿದ. ಬೋಗುಣಿಯನ್ನು ತಂದು ನನ್ನ ತೊಡೆಯ ಮೇಲಿಟ್ಟ. ನಾನು ಬಡಿದೆ. ತತ್ತಿಯ ಬಿಳಿಯೆಂದರೆ ಹಸಿ ಹತ್ತಿ, ಅಷ್ಟೆ; ಅದೂ ಗಾಳಿ ಕುಡಿಯಲು ಕಾಯುತ್ತಿರುತ್ತದೆ. ಬೋಗುಣಿಯನ್ನು ತಲೆಯ ಮೇಲೆ ಬೋರಲು ಹಿಡಿದರೂ ಬೀಳದಷ್ಟು ಗಟ್ಟಿಯಾದ ಬುರುಗು ಬಂತು. ಪೆದ್ರು ನಿಜವಾಗಿಯೂ ಬೋರಲು ಹಿಡಿದು ನೋಡಿದ. ನನ್ನ ತಲೆಯ ಮೇಲೆ. ತನ್ನದರ ಮೇಲಲ್ಲ.

ಕುರ್ಚಿಯ ಕೆಲಸ ಮುಗಿಯಿತು. ಬುರುಗಿನ ಕೆಲಸ ಮುಗಿಯಲಿಲ್ಲ. ನಾನು ಉಳಿದೆ.

ಆ ಬುರುಗು ಯಾವುದಕ್ಕೆ ಅಂದರೆ, ಆ ಹೊಟೇಲಿಗೆ ಹೆಸರು ತಂದ ಒಂದು ತಿನಿಸಿಗೆ. ಮೆತ್ತಗಿನ ಕೇಕಿನ ಹಾಸು. ಅದರ ಮೇಲೆ ಕಲ್ಲಿನಂತೆ ಗಟ್ಟಿಯಾದ ಐಸ್‌ಕ್ರೀಮು. ಮೇಲೆ ಸಕ್ಕರೆ ಹಾಕಿ ಬಡಿದ ತತ್ತಿಯ ಬುರುಗನ್ನು ಕೌದಿಯಂತೆ ನಾಲ್ಕೂ ಕಡೆ ಹೊದಿಸಿ, ಕೆಂಡದಂಥ ಭಟ್ಟಿಯೊಳಗೆ ಎರಡು ನಿಮಿಷ. ಬುರುಗಿನ ತುದಿಗಳು ಕೆಂಪಗಾಗುತ್ತವೆ, ಒಳಗಿನ ಬರ್ಫ ಕರಗುವುದಿಲ್ಲ. ಇದನ್ನು ಕಂಡು ಮುಂಬಯಿ ಬಾಯಿ ತೆರೆಯುತ್ತಿತ್ತು. ಗಾದಿ ಹೊಲಿಯುವವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗಾಳಿ ತುಂಬಿದ ಹತ್ತಿಯನ್ನು ಹೊದ್ದರೆ ಹೊರಗಿನದು ಹೊರಗೆ, ಒಳಗಿನದು ಒಳಗೆ.

ಆಟ ಆಮೇಲೆ. ತುದಿಯಲ್ಲಿ ತತ್ತಿಯ ಅರ್ಧ ಚಿಪ್ಪನ್ನು ಕೂಡಿಸಿ, ಅದರೊಳಗೆ ಲಿಂಬಿಯ ಎಸೆನ್ಸಿನಲ್ಲಿ ಅದ್ದಿದ ಸಕ್ಕರೆ ಅಚ್ಚು ಇಡುವುದು. ಮುಂಬಯಿಯಲ್ಲಿ ಆಗ ದಾರೂಬಂದಿ. ವಿಲಾಯತಿಯಲ್ಲಿ ಸುರಿದು ಹೊತ್ತಿಸುವ ದಾರೂವನ್ನು ಇಲ್ಲಿ ಸುರಿಯುವ ಹಾಗಿರಲಿಲ್ಲ. ಪರದೆ ಎಳೆದು, ದೀಪ ಆರಿಸಿ, ಪಿಯಾನೊ ನಿಲ್ಲಿಸಿದ ಮೇಲೆ, ಬಿಳಿ ಕೈಗವಸು ತೊಟ್ಟ ಒಬ್ಬ ಆ ಅಚ್ಚಿಗೆ ಕಡ್ಡಿ ಗೀರಿ, ನೀಲಿ ಜ್ವಾಲೆ ಹೊತ್ತ ಬಿಳಿ ಗುಡ್ಡವನ್ನು ಕತ್ತಲಲ್ಲಿ ಮೇಜಿನ ಮುಂದೆ ತಂದು ನಿಲ್ಲುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಕೆಲವರು ಉಫ್ ಎಂದು ಊದುತ್ತಿದ್ದರು. ಊದಿದಾಗಲೆಲ್ಲ ರೊಕ್ಕದ ಗಲ್ಲೆಯಲ್ಲಿ ಕೂತ ಬಾವಾಜಿಯ ಮುಖ ಹುಳ್ಳಗಾಗುತ್ತಿತ್ತು. ಪಾರಸಿಗಳಿಗೆ ಬೆಂಕಿ ಪವಿತ್ರ; ಅವರಲ್ಲಿ ಅದನ್ನು ಬಾಯಿಂದ ಊದಿ ಆರಿಸುವುದಿಲ್ಲ. ನಮಗೆ ಕಟ್ಟಪ್ಪಣೆ: ತಾನಾಗಿ ಆರುವತನಕ ಹಿಡಿದು ನಿಲ್ಲಬೇಕು. ಗಿರಾಕಿಗೆ ಅಪ್ಪಣೆ ಮಾಡುವಂತಿರಲಿಲ್ಲ, ಪಾಪ.

ನಾನು ಬುರುಗಿನವನು, ಒಳಗಿನವನು. ಆದರೆ ಊರಿಗೆ ಬರೆದ ಕಾಗದದಲ್ಲಿ, ದೊಡ್ಡ ಹೊಟೇಲಿನಲ್ಲಿದ್ದೇನೆ ಎಂದಷ್ಟೇ ಬರೆದಿದ್ದೆ. ಏನು ಮಾಡುತ್ತೇನೆ ಎಂದು ಬರೆದಿರಲಿಲ್ಲ. ತತ್ತಿ ಬಡಿಯುತ್ತೇನೆ ಎಂದು ಹೇಗೆ ಬರೆಯಲಿ? ಬರೆಯದೆ ಬಿಟ್ಟದ್ದು ತಪ್ಪಾಯಿತು. ಹೊಟೇಲು ಎಂದರೆ ಎಂಜಲು ತಾಟು ಎಂದು ಅಪ್ಪ ತಿಳಿದ. ಅಪ್ಪ ಬಡವ, ಆದರೆ ಯಾರ ಮನೆಗೆ ಹೋದರೂ ಮುಂದಿನ ಬಾಗಿಲಿಂದ ಹೋಗಿ ಪಡಸಾಲೆಯಲ್ಲಿ ಬಿಲ್ಲು ಊರಿ ಕೂಡುವವ.

ಒಂದು ಶನಿವಾರ ಮಲ್ಲಪ್ಪ ಕಾಕಾ ಬಂದಿಳಿದ. ನಮ್ಮ ಮನೆಯ ಬಾಜು ಮನೆಯವ; ಅಪ್ಪನ ಗೆಳೆಯ; ಎರಿ ಹೊಲದ ಒಕ್ಕಲಿಗ; ಎತ್ತರದ ಆಳು, ಅದರ ಮೇಲೆ ಇನ್ನೊಂದು ಮೊಳ ರುಮಾಲು. ಅವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ನನ್ನ ಖೋಲಿಯ ನಡುವೆ ಇಟ್ಟು ನೇರವಾಗಿ ಹೇಳಿದ:

“ಲಾಲ್ಯಾ, ನಿಮ್ಮಪ್ಪ ಕಳಿಸ್ಯಾನ ನನ್ನ. ಮರ್ಯಾದಿ ಕೆಲಸ ಇದ್ರ ಅವನ್ನ ಅಲ್ಲೇ ಬಿಟ್ಟು ಬಾ ಅಂದಾನ. ಮಂದಿ ಎಂಜಲಾ ಬಳಿಯೂ ಕೆಲಸ ಇದ್ರ ಕಿವಿ ಹಿಡಕೊಂಡು ಕರ್ಕೊಂಡು ಬಾ ಅಂದಾನ. ಏನ್ ಕೆಲಸ ಮಾಡ್ತೀ?”

“ತತ್ತಿ ಬಡೀತೇನ್ರಿ, ಕಾಕಾ.”

ಕಾಕಾ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದ. “ತತ್ತಿ ಬಡಿಯಾಕ ಮುಂಬೈತನಕಾ ಬರಬೇಕಾಗಿತ್ತೇನು? ನಮ್ಮೂರ ಕೋಳಿ ಏನ್ ಪಾಪ ಮಾಡಿದ್ವೋ?”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಬುರುಗಿನಲ್ಲಿ ನನ್ನ ಜೀವ ಕೂತಿತ್ತು. ಕನ್ನೊಳ್ಳಿಗೆ ತಿರುಗಿ ಹೋದರೆ ಮತ್ತೆ ಮುದ್ದೇಬಿಹಾಳದವರು ಒದೆಯುವ ಗಾದಿಯೇ. “ನಾಳೆ ಬಂದು ಕಣ್ಣಾರೆ ನೋಡ್ರಿ, ಆಮ್ಯಾಲ ಕಿವಿ ಹಿಡೀರಿ” ಎಂದೆ.

ಬಾವಾಜಿಯದು ಒಂದು ಪದ್ಧತಿ ಇತ್ತು. ಆಳುಗಳ ಊರಿನಿಂದ ಹಿರಿಯರು ಬಂದರೆ ಅವರಿಗೆ ಅಡುಗೆಮನೆಯಲ್ಲಿ ಉಣಿಸಬಾರದು, ಹೊರಗೆ ಮೇಜಿಗೆ ಕೂಡಿಸಬೇಕು. ನಾನು ಇನ್ನೊಂದು ಬೇಡಿಕೊಂಡೆ: ನಾಳೆ ಒಂದು ದಿನ ಬೆಂಕಿಯನ್ನು ನಾನೇ ಒಯ್ಯುತ್ತೇನೆ. ಬಾವಾಜಿ ಕನ್ನಡಕದ ಮೇಲಿಂದ ನೋಡಿದ. “ಬೀಳಿಸಿದಿ ಅಂದರೆ ಸೋಮವಾರದಿಂದ ಮತ್ತೆ ಗಾದಿ ಹೊಲಿ” ಎಂದ. ರಾತ್ರಿಯೆಲ್ಲ ನನಗೆ ಅದೇ ಮಾತು. ಗಾದಿಯನ್ನು ಬಿಟ್ಟು ಯಾರಿಗೂ ನನ್ನ ಬಗ್ಗೆ ಬೇರೆ ಏನೂ ಹೊಳೆಯುತ್ತಿರಲಿಲ್ಲ.

ರವಿವಾರ ಮಧ್ಯಾಹ್ನ. ಬಾಗಿಲಲ್ಲಿ ನಿಂತ ದರವಾನನ ಮೀಸೆ, ಪಟಕಾ, ಹಿತ್ತಾಳೆಯ ಗುಂಡಿ ನೋಡಿ ಅವನೇ ಮಾಲಕನೆಂದು ಕಾಕಾ ನಮಸ್ಕಾರ ಮಾಡಿದ. ಚಪ್ಪಲಿಯನ್ನು ಅವನ ಕಾಲ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಜಮಖಾನೆಯ ಮೇಲೆ ನಡೆದು ಬಂದ. ಕಂಬದ ಬಾಜು ಮೇಜಿಗೆ ಕೂಡಿಸಿದೆ. ಸೂಪು ಬಂತು. ಕಾಕಾ ಕೈ ಕಟ್ಟಿ ಕೂತ. ಸೂಪು ಆರಿತು, ಕಾಕಾ ಕೂತೇ ಇದ್ದ.

“ಯಾಕ್ರಿ ಕಾಕಾ, ತಗೋರಿ.”

“ಸಾರು ಬಂದೈತಿ, ರೊಟ್ಟಿ ಬರಲಿ. ನನಗೇನ್ ಅವಸರ ಇಲ್ಲ.”

ಕಡೆಗೆ ಕಿಸೆಯಿಂದ ಶೇಂಗಾ ಚಟ್ನಿಯ ಪುಡಿ ತೆಗೆದು, ಆರಿದ ಸೂಪಿಗೆ ಉದುರಿಸಿ ಕುಡಿದು, “ಈಗ ಸಾರ್ ಆತು” ಎಂದ. ಬಾಜು ಮೇಜಿನಲ್ಲಿ ಕೋಟು ತೊಟ್ಟ ಇಬ್ಬರು ತರುಣರು ತಮ್ಮ ಗುಜರಾತಿ ಅಜ್ಜಿಯ ಜೊತೆ ಕೂತಿದ್ದರು. ಒಬ್ಬ ಇನ್ನೊಬ್ಬನ ಮೊಳಕೈ ತಿವಿದದ್ದು ನನಗೆ ಕಾಣಿಸಿತು.

ನಾನು ಒಳಗೆ ಹೋಗಿ ಕೈಗವಸು ತೊಟ್ಟೆ. ಅವು ಬೇರೆಯವನವು; ನನ್ನ ಬೆರಳು ಮುಗಿದ ಮೇಲೂ ಅರ್ಧ ಇಂಚು ಮುಂದೆ ಹೋಗಿದ್ದವು. ಪೆದ್ರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಪರದೆ ಎಳೆದರು. ದೀಪ ಆರಿದವು. ಪಿಯಾನೊ ನಿಂತಿತು. ಕಡ್ಡಿ ಗೀರಿದೆ. ನೀಲಿ ಜ್ವಾಲೆ ಎದ್ದಿತು. ಎರಡೂ ಕೈಯಲ್ಲಿ ಬೆಳ್ಳಿಯ ತಟ್ಟೆ ಹಿಡಿದು, ಉಸಿರು ಬಿಗಿಹಿಡಿದು, ಕತ್ತಲಲ್ಲಿ ಕಾಕಾನ ಮುಂದೆ ಹೋಗಿ ನಿಂತೆ.

ಕಾಕಾ ಎದ್ದು ನಿಂತ.

ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಎರಡೂ ಅಂಗೈಗಳನ್ನು ಜ್ವಾಲೆಯ ಮೇಲೆ ಹಿಡಿದು, ಕಣ್ಣಿಗೆ ಒತ್ತಿಕೊಂಡ. ಮತ್ತೊಮ್ಮೆ ಹಿಡಿದು ತಲೆಯ ಮೇಲೆ ಸವರಿಕೊಂಡ. ಕಿಸೆಯಿಂದ ನಾಲ್ಕಾಣೆ ತೆಗೆದು ತಟ್ಟೆಗೆ ಹಾಕಿದ. ಅದು ತಟ್ಟೆಗೆ ಬೀಳದೆ ನನ್ನ ಬುರುಗಿನಲ್ಲಿ ಮುಳುಗಿತು. ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ: “ಗಂಟಿ ಯಾಕ ಬಾರಸಲಿಲ್ಲೋ?”

ಬಾಜು ಮೇಜಿನಿಂದ ಫಕ್ಕನೆ ನಗು ಬಂತು.

ಆಗ ನನಗಾದ ಸಂಕಟ ನಿಮಗೆ ಹೇಗೆ ಹೇಳಲಿ? “ಕಾಕಾ, ಇದು ಆರತಿ ಅಲ್ಲ, ತಿನ್ನೂದು” ಎಂದರೆ ಆ ಎತ್ತರದ ಮನುಷ್ಯ ಅಷ್ಟು ಮಂದಿಯ ನಡುವೆ ಒಂದು ಗೇಣಾಗಿಬಿಡುತ್ತಾನೆ. ಹೇಳದಿದ್ದರೆ ನಾನು, ಪಿಂಜಾರರ ಲಾಲಸಾಬ, ಆರತಿ ಹಿಡಿದು ನಿಂತಿದ್ದೇನೆ. ಆದರೆ ನಮ್ಮೂರಲ್ಲಿ ಮೊಹರಮ್ಮಿಗೆ ದೇವರು ಹೊರುವವರು ಕಾಕಾನ ಮನೆಯವರೇ. ಅಲಾಯಿ ಕುಣಿಯ ಬೆಂಕಿಗೆ ಅವನು ಕೈಮುಗಿಯುವಾಗ, ಇದು ನಿಮ್ಮದಲ್ಲ ಎಂದು ನಮ್ಮ ಅಪ್ಪ ಎಂದಾದರೂ ಹೇಳಿದ್ದನೇ? ನಾನು ತಟ್ಟೆಯನ್ನು ಕಾಕಾನ ಮುಂದೆ ಸಾವಕಾಶ ಒಂದು ಸುತ್ತು ತಿರುಗಿಸಿದೆ.

ಗುಜರಾತಿ ಅಜ್ಜಿ ನಕ್ಕ ಮೊಮ್ಮಗನ ಕೈಗೆ ಚಟ್ಟನೆ ಹೊಡೆದಳು. “ಇಧರ್ ಭೀ ಲಾವ್, ಭಾಯಿ” ಎಂದಳು. ಒಯ್ದೆ. ಅಜ್ಜಿ ಆರತಿ ತಗೊಂಡಳು. ಕೋಟಿನ ಹುಡುಗರ ಕೈಗಳನ್ನು ತಾನೇ ಹಿಡಿದು ಜ್ವಾಲೆಯ ಮೇಲೆ ಚಾಚಿದಳು. ಅದರಾಚೆಯ ಮೇಜಿನಿಂದ ಒಂದು ಜೋಡಿ ಕೈ ಬಂತು, ಇನ್ನೊಂದು ಬಂತು. ಫೋರ್ಕು ಕೆಳಗಿಟ್ಟು ಎದ್ದು ನಿಂತರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ಊದಲಿಲ್ಲ. ಆರನೇ ಮೇಜಿನ ಹತ್ತಿರ ಜ್ವಾಲೆ ತಾನಾಗಿ ಸಣ್ಣದಾಗಿ, ತಾನಾಗಿ ಆರಿತು.

ದೀಪ ಹತ್ತಿದವು. ಗಲ್ಲೆಯಿಂದ ಬಾವಾಜಿ ಎದ್ದು ಬರುತ್ತಿದ್ದ. ಮುಗಿಯಿತು, ನಾಳೆ ಇಂಡಿ ರೋಡ ಎಂದುಕೊಂಡೆ. ಅವನು ನನ್ನ ಮುಂದೆ ನಿಂತು ಕರಿಯ ಟೊಪ್ಪಿಗೆ ಸರಿಮಾಡಿಕೊಂಡ.

“ದಿಕ್ರಾ, ಮಗನೇ, ಇಷ್ಟು ವರ್ಷ ಈ ಬೆಂಕಿಯನ್ನು ಮಾರಿದೆ. ಇವತ್ತು ಮೊದಲನೆಯ ಸಲ ಒಬ್ಬರು ಅದಕ್ಕೆ ಎದ್ದು ನಿಂತರು” ಎಂದ. ಕಾಕಾನಿಗೆ ಬಗ್ಗಿ ಸಲಾಮು ಮಾಡಿದ. ನನ್ನ ಕಡೆ ತಿರುಗಿ, “ಕೈಗವಸು ನಿನ್ನ ಅಳತೆಯವು ಹೊಲಿಸಿಕೊ” ಎಂದು ಹೋದ.

ಕಾಕಾನಿಗೆ ಇದು ಒಂದಕ್ಷರವೂ ತಿಳಿಯಲಿಲ್ಲ. “ಪೂಜಾರಿ ಭಾಳ ಛಲೋ ಮನಷ್ಯಾ. ಪ್ರಸಾದ ಎಲ್ಲೈತಿ?” ಎಂದ. ನಾಲ್ಕಾಣೆ ಹುಡುಕಿ ತೆಗೆದು, ಒಂದು ದಪ್ಪ ಹೋಳು ಕತ್ತರಿಸಿದೆ. ತಾಟು ಬೇಡ ಎಂದು ಎಡಗೈ ಮೇಲೆ ಬಲಗೈ ಇಟ್ಟು ಒಡ್ಡಿದ. ಬಾಯಿಗಿಟ್ಟವನು ಕಣ್ಣು ಅರಳಿಸಿದ. “ಅಬಬಬಾ! ಮ್ಯಾಲ ಬೆಂಕಿ, ಒಳಗ ಥಂಡಿ! ಏನಿದು ಮಹಾತ್ಮಿ!” ಮೊಳಕೈತನಕ ಇಳಿಯುತ್ತಿದ್ದುದನ್ನು ಲೆಕ್ಕಿಸದೆ ಅರ್ಧ ತಿಂದ. ಉಳಿದ ಅರ್ಧವನ್ನು ವಸ್ತ್ರದ ತುದಿಯಲ್ಲಿಟ್ಟು ಗಂಟು ಕಟ್ಟತೊಡಗಿದ.

“ಕಾಕಾ, ಅದು ಕರಗತೈತ್ರಿ.”

“ಬೆಂಕ್ಯಾಗ ಕರಗಲಿಲ್ಲ, ಅರಿವ್ಯಾಗ ಕರಗತೈತೇನೋ ಹುಚ್ಚಾ? ಪ್ರಸಾದ ಒಬ್ಬನಾ ತಿನಬಾರದು. ನಿಮ್ಮಪ್ಪಗ ಬೇಕು, ನಿಮ್ಮವ್ವಗ ಬೇಕು.”

ಸೋಮವಾರ ಕಾಕಾನನ್ನು ಗಾಡಿ ಹತ್ತಿಸಲು ಸ್ಟೇಶನ್ನಿಗೆ ಹೋದೆ; ದಾರಿಯಲ್ಲಿ, ತತ್ತಿಯ ಬುರುಗನ್ನು ಹತ್ತಿ ಹಿಂಜಿದ ಹಾಗೆ ಬಡಿಯುವುದನ್ನು ಹೇಳಿದೆ. ನನ್ನ ಕಿವಿ ನನ್ನ ಹತ್ತಿರವೇ ಇತ್ತು, ಕಾಕಾ ಅದನ್ನು ಹಿಡಿಯಲಿಲ್ಲ. ಆದರೆ ಗಾಡಿ ಅಲುಗಿದಾಗ ತಡೆಯಲಾಗದೆ ಕೇಳಿದೆ: “ಅಪ್ಪಗ ಏನ್ ಹೇಳ್ತೀರಿ, ಕಾಕಾ?”

“ಕಂಡದ್ದು ಹೇಳ್ತೇನಿ.”

ಅದೇ ನನಗೆ ಹೆದರಿಕೆ. ಅವನು ಕಂಡದ್ದು ಆದದ್ದಲ್ಲವಲ್ಲ!

ಮುಂದಿನದನ್ನು ನನಗೆ ಹೇಳಿದವಳು ಅವ್ವ. ಕನ್ನೊಳ್ಳಿಯ ನಮ್ಮ ಕಟ್ಟೆಯ ಮೇಲೆ ಓಣಿಯ ಮಂದಿಯೆಲ್ಲ ಕೂಡಿತ್ತು. ಕಾಕಾ ಹೇಳಿದನಂತೆ: “ಹುಸೇನ್ಯಾ, ನಿನ್ನ ಮಗ ಎಂಜಲಾ ಬಳಿಯಾಂಗಿಲ್ಲ. ಆರತಿ ಎತ್ತತಾನ.”

ಅಪ್ಪನ ಕೈಯ ಚಹಾ ಚೆಲ್ಲಿತು. “ಏನಂದಿ? ನನ್ನ ಮಗ ಪೂಜಾರಿ ಆಗ್ಯಾನಾ?”

“ಪೂರ್ತಿ ಕೇಳೋ. ಕೈಗೆ ಬಿಳೇ ಮೋಜಾ ಹಾಕ್ಕೊಂಡಾನ. ಕೋಟಿನ ಮಂದಿ ಎದ್ದು ನಿಂತು ಕೈ ಒಡ್ಡತಾರ. ಮ್ಯಾಲ ಬೆಂಕಿ, ಒಳಗ ಬರ್ಫ, ನಡುವ ನಿನ್ನ ಮಗ ಹಿಂಜಿದ ಹತ್ತಿ.”

“ಮುಂಬೈ ಮಂದಿ ಹತ್ತಿ ತಿಂತಾರೇನೋ?”

“ತತ್ತ್ಯಾಗಿನ ಹತ್ತಿ. ತಡಿ, ತಂದೇನಿ” ಎಂದು ಕಾಕಾ ಗಂಟು ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ವಸ್ತ್ರದ ತುದಿ ಗಂಜಿ ಹಾಕಿದ ಹಾಗೆ ಸೆಟೆದು ನಿಂತಿತ್ತು, ಅಷ್ಟೆ.

ಓಣಿ ಬಿದ್ದು ಬಿದ್ದು ನಕ್ಕಿತು. ಮಲ್ಲಪ್ಪ ಮುಂಬೈತನಕ ಹೋಗಿ ಬರೇ ಗಂಟು ತಂದ ಎಂದರು. ಜನ್ಮದಲ್ಲಿ ಸುಳ್ಳು ಹೇಳದ ಮನುಷ್ಯ. ವಸ್ತ್ರವನ್ನು ಕಟ್ಟೆಯ ಮೇಲೆ ಬಿಟ್ಟು, ಗೋಡೆಗೆ ಒರಗಿ ಕೂತ. ಮಂದಿ ಚದುರಿತು. ಅಪ್ಪ ಎರಡನೇ ಚಹಾ ಕುಡಿದ. ಮಗನನ್ನು ಕರೆಸಬೇಕೆಂದೇ ಅವನ ಮನಸ್ಸಿನಲ್ಲಿತ್ತಂತೆ. ಆಗ ಅವ್ವ ತೋರಿಸಿದಳು: ಗೋಡೆಯ ಬಿರುಕಿನಿಂದ ಹೊರಟ ಇರುವೆಯ ಸಾಲು ಕಟ್ಟೆ ದಾಟಿ, ಚಹಾದ ಬಟ್ಟಲನ್ನು ಬಿಟ್ಟು, ನೆಟ್ಟಗೆ ಆ ಸೆಟೆದ ತುದಿಗೆ ಹತ್ತುತ್ತಿತ್ತು. ಅಪ್ಪ ಬಹಳ ಹೊತ್ತು ನೋಡಿದ. ವಸ್ತ್ರವನ್ನು ಕೊಡವಿ, ತುದಿಯನ್ನು ಬಾಯಲ್ಲಿಟ್ಟುಕೊಂಡ. ಚಪ್ಪಲಿ ಮೆಟ್ಟಿ, ಅಷ್ಟು ವರ್ಷದ ಮೇಲೆ ಮೊದಲ ಸಲ, ಸಾಲಿಯ ಮಾಸ್ತರರ ಮನೆಗೆ ಹೋದ, ಕಾಗದ ಬರೆಸಲಿಕ್ಕೆ.

ಆ ಕಾರ್ಡು ನನಗೆ ಮುಟ್ಟಿದಾಗ ಕೈ ತುಂಬ ಬುರುಗಿತ್ತು. ಪೆದ್ರು ಹಿಡಿದ, ನಾನು ಓದಿದೆ. ಮಾಸ್ತರರ ದುಂಡಗಿನ ಅಕ್ಷರ:

“ಚಿರಂಜೀವಿ ಲಾಲಸಾಬನಿಗೆ ತಂದೆಯ ಆಶೀರ್ವಾದ. ಇತ್ತ ಎಲ್ಲರೂ ಕ್ಷೇಮ. ಮಲ್ಲಪ್ಪನ ವಸ್ತ್ರಕ್ಕೆ ಇರುವೆ ಬಂದಿದ್ದವು. ನೀನು ಬರುವುದು ಬೇಡ. ಕೈ ಜೋಪಾನ.”